ಒಂದೇ ಟಿಕ್

ವಿಜಯವಾಡದ ಆಟೋನಗರ್‌ನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಇಂದುಧರನಿಗೆ ಸಾಫ್ಟ್‌ವೇರಿನಿಂದ ರಾಜಕೀಯದವರೆಗೆ ಎಲ್ಲದರ ಬಗ್ಗೆಯೂ ಅಭಿಪ್ರಾಯವಿತ್ತು. ಸುಳ್ಳು ಕಂಡರಂತೂ ಮೈಯೆಲ್ಲ ಉರಿಯುತ್ತಿತ್ತು. 2019ರ ಚುನಾವಣೆಯ ಹೊತ್ತಿಗೆ ವಿಶಾಖಪಟ್ಟಣದ ಭಾವ ಕಾಮೇಶ್ವರ ಮನೆಮಂದಿಯ ವಾಟ್ಸಾಪ್ ಗುಂಪಿಗೆ ನಕಲಿ ವಿಡಿಯೊ ಹಾಕಿದರು. ಇವನು ಎಲ್ಲರೆದುರು ಅವರ ಮರ್ಯಾದೆ ತೆಗೆದು, ಯಾರಿಗೂ ಹೇಳದೆ ಅವರ ನಂಬರನ್ನೇ ಬ್ಲಾಕ್ ಮಾಡಿದ.

ಎರಡು ತಿಂಗಳಿಗೆ ಭಾವ ಎದೆನೋವಿನಿಂದ ತೀರಿಕೊಂಡರು. ತಿಥಿಯ ದಿನ ಅಕ್ಕ ದೇವಮ್ಮ ಅವರ ಫೋನನ್ನು ಇವನ ಕೈಗಿಟ್ಟಳು. ಸದಾ ತೆಲುಗಿನಲ್ಲೇ ಬರೆಯುತ್ತಿದ್ದ ಭಾವ ಇವನ ಮನೆಮಾತಾದ ಕನ್ನಡದಲ್ಲಿ ಹರಕುಮುರುಕಾಗಿ ಇವನಿಗೆ ಬರೆದಿದ್ದರು: 'ನೀನು ಹೇಳಿದ್ದು ಕರೆಕ್ಟು. ಕೋಪ ಬೇಡ. ಊಟಕ್ಕೆ ಬಾ.' ಪಕ್ಕದಲ್ಲಿ ಒಂದೇ ಟಿಕ್. ಬ್ಲಾಕ್ ಮಾಡಿದವನಿಗೆ ಅದು ತಲುಪಿರಲೇ ಇಲ್ಲ.

"ದಿನಾ ತೆಗ್ದು ನೋಡ್ತಿದ್ರು ಕಣೋ. ನಿಂಗ್ಯಾಕೆ ಮೆಸೇಜು ಬರ್ಲಿಲ್ಲ?"

ಊರವರ ಸುಳ್ಳನ್ನೆಲ್ಲ ತಿದ್ದುತ್ತಿದ್ದವನು ತಲೆ ತಗ್ಗಿಸಿದ.

"ನೆಟ್‌ವರ್ಕ್ ಇರ್ಲಿಲ್ಲ ಅಕ್ಕಾ."