ಧೂಪ ಬಂದರೆ ಹೊರಡಬೇಕು

ಮನೆಯೊಳಗೆ ಕಾಲಿಟ್ಟ ಕೂಡಲೇ ‘ಎದ್ದು ಹೋಗು’ ಎಂದರೆ ನಿಮಗೆ ಹೇಗಾಗುತ್ತದೆ? ಕಳೆದ ವಾರ ನನಗೆ ಹಾಗೇ ಆಯಿತು. ಹೇಳಿದ್ದು ಬಾಯಲ್ಲಲ್ಲ, ಹೊಗೆಯಲ್ಲಿ.

ಸೌದಿಯ ರಾಬಿಗ್‌ನಲ್ಲಿ ನಮ್ಮ ಪಕ್ಕದ ಬೀದಿಯ ಉಮ್ಮು ನಾಸಿರ್ ಈ ಅಂಕಣದ ಓದುಗರಿಗೆ ಹೊಸಬರಲ್ಲ. (ಹೊಸ ಓದುಗರಿಗೆ: ನಾಸಿರನ ಅಮ್ಮ ಎಂದರ್ಥ. ಅವರ ನಿಜವಾದ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ, ಕೇಳುವ ಧೈರ್ಯವೂ ಬಂದಿಲ್ಲ.) ನಮ್ಮ ಯಜಮಾನರಿಗೆ ರಿಟೈರ್‌ಮೆಂಟ್ ಆಯಿತು, ಇಲ್ಲಿರಲು ಬೇಕಾದ ಪರವಾನಗಿ ಇಕಾಮಾ ಮುಗಿಯುತ್ತಿದೆ, ದೇಶ ಬಿಟ್ಟು ಹೊರಡುವ ಫೈನಲ್ ಎಕ್ಸಿಟ್ ವೀಸಾ ಕೈಗೆ ಬಂದಿದೆ. ಇನ್ನು ಉಡುಪಿಯೇ ಗತಿ. ಹಾಗಾಗಿ ಉಮ್ಮು ನಾಸಿರ್ ಅವರನ್ನು ಕೊನೆಯ ಸಲ ನೋಡಿ ಬರಲು ಹೋಗಿದ್ದೆ.

ಬಾಗಿಲು ತೆರೆದವಳು ಅವರ ಮೊಮ್ಮಗಳು ಜೂದ್. ಕಾಲೇಜು ಹುಡುಗಿ. ಇಂಟರ್‌ನ್ಯಾಷನಲ್ ಸ್ಕೂಲಿನಲ್ಲಿ ಕಲಿತವಳು, ಅಜ್ಜಿಯ ಹತ್ತಿರವೂ ಇಂಗ್ಲಿಷೇ ಜಾಸ್ತಿ. “ವೆಲ್‌ಕಮ್, ಆಂಟಿ!” ಎನ್ನುತ್ತಾ ಕೈಯಲ್ಲಿದ್ದ ಪುಟ್ಟ ಯಂತ್ರದ ಗುಂಡಿ ಒತ್ತಿದಳು. ಮೊಬೈಲಿನ ಹಾಗೆ ಚಾರ್ಜ್ ಮಾಡುವ ಧೂಪದಾನಿ. ಕೆಂಡ ಬೇಡ, ಬೂದಿಯಿಲ್ಲ. ಅಗರು ಮರದ ಊದ್‌ನ ಪರಿಮಳ ನನ್ನ ಸುತ್ತ ಹರಡಿತು.

ಒಳಗಿನಿಂದ ಉಮ್ಮು ನಾಸಿರ್ ಕೂಗಿದರು: “ಆರಿಸು ಅದನ್ನು! ಬಂದವಳನ್ನು ಬಾಗಿಲಲ್ಲೇ ಓಡಿಸುತ್ತೀಯಾ?”

ವಿಷಯ ಏನೆಂದರೆ, ಇಲ್ಲಿನ ಮನೆಗಳಲ್ಲಿ ಧೂಪ ಬರುವುದು ಕಟ್ಟಕಡೆಗೆ. ಗಹ್ವಾ ಎಂಬ ಅರಬ್ಬಿ ಕಾಫಿ, ಖರ್ಜೂರ, ಚಹಾ, ಹರಟೆ ಎಲ್ಲ ಮುಗಿದ ಮೇಲೆ. ಧೂಪದಾನಿ ಒಂದು ಸುತ್ತು ಬಂತೆಂದರೆ ಅತಿಥಿಗಳು ಬಟ್ಟೆಗೆ ಹೊಗೆ ಹಿಡಿಸಿಕೊಂಡು ಎದ್ದು ಹೊರಡಬೇಕು. ‘ಹೊರಡಿ’ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಪರಿಮಳ ಕೊಟ್ಟು ಕಳಿಸುತ್ತಾರೆ. ಎಷ್ಟು ಚಂದ, ಅಲ್ವಾ?

ಇದು ನನಗೆ ಗೊತ್ತಾಗಿದ್ದು ಮಾತ್ರ ಮಾನ ಹೋದ ಮೇಲೆ. ಮದುವೆಯಾಗಿ ಆಗಷ್ಟೇ ಬಂದಿದ್ದೆ. ಇದೇ ಮನೆಯಲ್ಲಿ ಧೂಪ ಬಂತು. ನಾನೋ, ಇಗರ್ಜಿಯ ಧೂಪ ಕಂಡು ಬೆಳೆದವಳು. ಅಲ್ಲಿ ಧೂಪ ಹಾಕುವುದು ಗೌರವಕ್ಕೆ. ಆಗ ಎದ್ದು ಹೊರಟರೆ ಪಾದ್ರಿಗಳು ಸುಮ್ಮನಿರುತ್ತಾರೆಯೇ? ಆಹಾ, ನನಗೆ ಎಂಥಾ ಮರ್ಯಾದೆ ಎಂದು ಹಿಗ್ಗಿ, ದಿಂಬಿಗೆ ಒರಗಿ ಇನ್ನಷ್ಟು ಆರಾಮವಾಗಿ ಕೂತೆ. ಉಳಿದ ಹೆಂಗಸರು ಒಬ್ಬೊಬ್ಬರೇ ಎದ್ದು ಹೋದರು. ಪಾಪ, ಮನೆಯಲ್ಲಿ ಏನೋ ಕೆಲಸವಿರಬೇಕು ಅಂದುಕೊಂಡೆ! ಉಮ್ಮು ನಾಸಿರ್ ಇನ್ನೊಮ್ಮೆ ಧೂಪ ತಂದರು. ನಾನು ಇನ್ನೊಂದು ಖರ್ಜೂರ ಬಾಯಿಗೆ ಹಾಕಿಕೊಂಡೆ. ಕೊನೆಗೆ ಅವರು ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಾ ಕೈಸನ್ನೆಯಲ್ಲೇ ವಿಷಯ ತಿಳಿಸಿದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದೆಯೇ ನಮ್ಮ ಸ್ನೇಹ ಶುರುವಾದದ್ದು ಹಾಗೆ. ನಾನು ಅರಬ್ಬಿ ಕಲಿತದ್ದು ಆಮೇಲೆ, ಅವರ ಹತ್ತಿರವೇ.

ಆಗ ಸಂಜೆಯಾದರೆ ಆ ಮನೆಯ ಅಂಗಳದ ತುಂಬ ಹೆಂಗಸರು. ನೆಲದ ಮೇಲೆ ಹಾಸು, ಮಧ್ಯೆ ಕೆಂಡದ ಚಟಪಟ. ನಾನು ಮನೆಗೆ ಬಂದರೆ ಯಜಮಾನರು ಕೂದಲು ಮೂಸಿಯೇ “ಎಂತ ಮಾರಾಯ್ತಿ, ಇವತ್ತೂ ಉಮ್ಮು ನಾಸಿರ್ ಮನೆಯಾ?” ಎನ್ನುತ್ತಿದ್ದರು. ಆ ಸಂಜೆಗಳು ನನಗೆ ಈಗಲೂ ಬೇಕು.

ಈಗ ಅಲ್ಲಿ ಸೋಫಾ. ಗೋಡೆಯಗಲದ ಟಿವಿಯಲ್ಲಿ ಕೊರಿಯನ್ ಸೀರಿಯಲ್. ಗಹ್ವಾದ ಪಕ್ಕ ಜೂದ್‌ಳ ಐಸ್ಡ್ ಲಾಟೆ.

“ಗ್ರ್ಯಾಂಡ್‌ಮಾ, ರಿಲ್ಯಾಕ್ಸ್! ಈಗ ಅದನ್ನೆಲ್ಲ ಯಾರೂ ನೋಡಲ್ಲ. ಇಟ್ಸ್ ಜಸ್ಟ್ ಎ ಫ್ರಾಗ್ರೆನ್ಸ್,” ಎಂದಳು ಜೂದ್.

“ಹಾಗಾದರೆ ಬಂದವರಿಗೆ ಹೊರಡುವ ಹೊತ್ತು ಗೊತ್ತಾಗುವುದು ಹೇಗೆ?” ಅಜ್ಜಿಯ ಪ್ರಶ್ನೆ.

“ಮೊಬೈಲ್ ನೋಡಿಕೊಳ್ಳುತ್ತಾರೆ.”

ಅಜ್ಜಿಯ ಮುಖ ಸಣ್ಣದಾಯಿತು. ನನ್ನ ಪಕ್ಕ ಬಂದು ಕೂತು ಪಿಸುಗುಟ್ಟಿದರು: “ನಾನು ಹೋದ ಮೇಲೆ ಈ ಮನೆಗೆ ಬಂದವರನ್ನು ಹೇಗೆ ಕೂರಿಸಬೇಕು, ಹೇಗೆ ಕಳಿಸಬೇಕು, ಇವಳಿಗೆ ಗೊತ್ತಿರುತ್ತದಾ?”

ನನ್ನ ಮಗಳೂ ಅಷ್ಟೇ. ಊರಿನಿಂದ ನನ್ನ ಅಮ್ಮ ಫೋನ್ ಮಾಡಿದರೆ ‘ಹಾಯ್ ಗ್ರ್ಯಾನಿ’ ಎನ್ನುತ್ತಾಳೆ, ಮುಂದಿನ ಮಾತು ಕೊಂಕಣಿಯಲ್ಲಿ ಹುಟ್ಟದೆ ಫೋನ್ ನನ್ನ ಕೈಗೆ ದಾಟಿಸುತ್ತಾಳೆ. ಅರಬ್ಬಿಯಾದರೇನು, ಕೊಂಕಣಿಯಾದರೇನು? ಜಗತ್ತೆಲ್ಲ ಒಂದೇ ಊರಾದಾಗ ಅಜ್ಜಿಯಂದಿರು ಆ ಊರಿನ ಹೊರಗೇ ಉಳಿದುಬಿಟ್ಟರು.

ಹಾಗೆಂದು ಜೂದ್ ಮೇಲೆ ನನಗೆ ಸಿಟ್ಟಿಲ್ಲ. ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯುವುದು ಅವಳೇ, ತಾನೇ ಕಾರು ಓಡಿಸಿಕೊಂಡು. ಹೆಂಗಸರು ಕಾರು ಓಡಿಸುವಂತಿಲ್ಲದ ಕಾಲದಲ್ಲಿ ಉಮ್ಮು ನಾಸಿರ್‌ಗೆ ತಲೆನೋವಿನ ಒಂದು ಮಾತ್ರೆ ಬೇಕೆಂದರೂ ಮಗ ಕೆಲಸದಿಂದ ಬರುವ ತನಕ ಕಾಯಬೇಕಿತ್ತು. ಆ ಕಾಲವೇ ಚಂದವಿತ್ತು ಎಂದು ಅವರ ಎದುರು ಹೇಳಿ ನೋಡಿ!

ಮಾತಾಡುತ್ತಾ ಕತ್ತಲಾಯಿತು. ಹೊರಗೆ ಕಾರಿನಲ್ಲಿ ಕಾಯುತ್ತಿದ್ದ ಯಜಮಾನರ ಫೋನ್: “ಯಲ್ಲಾ, ಹೊರಡು ಮಾರಾಯ್ತಿ, ಪ್ಯಾಕಿಂಗ್ ಎಲ್ಲ ಬಾಕಿ ಉಂಟು.” ಆದರೂ ನಾನು ಏಳಲಿಲ್ಲ. ಉಮ್ಮು ನಾಸಿರ್ ಧೂಪದ ಮಾತೆತ್ತಲಿಲ್ಲ. ಧೂಪ ಬಂದರೆ ನಾನು ಹೊರಡಬೇಕು, ಹೊರಟರೆ ಮತ್ತೆ ಬರುವುದಿಲ್ಲ. ಇಬ್ಬರಿಗೂ ಅದು ಗೊತ್ತಿತ್ತು.

ಫೋನ್ ಮತ್ತೆ ಬಡಿದುಕೊಂಡಿತು. ಕೊನೆಗೆ ಉಮ್ಮು ನಾಸಿರ್ ತಲೆವಸ್ತ್ರ ಸರಿಪಡಿಸಿಕೊಂಡು ನೆಟ್ಟಗೆ ಕೂತರು. “ಜೂದ್, ಧೂಪ ತಾ.”

ಜೂದ್ ಅಜ್ಜಿಯನ್ನು ನೋಡಿದಳು, ನನ್ನನ್ನು ನೋಡಿದಳು. ಧೂಪದಾನಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಮುಚ್ಚಿ ಹಿಡಿದು, ಈ ಸಲ ಅಚ್ಚ ಅರಬ್ಬಿಯಲ್ಲಿ ಹೇಳಿದಳು:

“ಚಾರ್ಜ್ ಇಲ್ಲ ಅಜ್ಜಿ. ಆಂಟಿ ಇನ್ನೂ ಸ್ವಲ್ಪ ಹೊತ್ತು ಕೂರಲಿ.”

ಅವಳ ಬೆರಳ ಸಂದಿಯಲ್ಲಿ, ಚಾರ್ಜ್ ಪೂರ್ತಿ ಇದೆ ಎಂದು ತೋರಿಸುವ ಹಸಿರು ದೀಪ ಉರಿಯುತ್ತಲೇ ಇತ್ತು. ಬರೀ ಪರಿಮಳ ಎಂದಿದ್ದ ಹುಡುಗಿ ಸುಳ್ಳು ಹೇಳಿದ್ದಾದರೂ ಯಾಕೆ?