ಇಬ್ಬರ ತೂಕಕ್ಕೆ ಹೊಂದಿಸಿದ ಕ್ಲಚ್

ಆಶ್‌ಬರ್ನಿನಲ್ಲಿ ಹಿಮಕ್ಕಿಂತ ಹಿಮ ಬೀಳಬಹುದೆಂಬ ಎಚ್ಚರಿಕೆಯೇ ಹೆಚ್ಚು. ಅಂಥ ಊರಿನಲ್ಲಿ ನಮ್ಮ ಪಕ್ಕದ ಮನೆಯ ಮೂರ್ತಿ ಅಂಕಲ್ ಹಿಮದ ಮೇಲೆ ಓಡಿಸುವ ಸ್ನೋಮೊಬೈಲ್ ಇಟ್ಟುಕೊಂಡಿದ್ದರು. ಚಳಿಗಾಲದಲ್ಲಿ ಅದನ್ನು ಟ್ರೈಲರಿಗೇರಿಸಿ, ಆಂಟಿಯನ್ನು ಕರೆದುಕೊಂಡು ಮೇರಿಲ್ಯಾಂಡಿನ ಗುಡ್ಡಗಳಿಗೆ ಹೋಗುತ್ತಿದ್ದರು. ಕಳೆದ ಬೇಸಿಗೆಯಲ್ಲಿ ಆಂಟಿ ತೀರಿಕೊಂಡರು.

ಗಾಡಿ ರಿಪೇರಿ ನನ್ನ ಹವ್ಯಾಸ. ಸಮಾಧಾನ ಹೇಳಲು ಬಾರದವರು ಸ್ಪ್ಯಾನರ್ ಹಿಡಿಯುತ್ತಾರೆ. ಅಂಕಲ್ ಗರಾಜಿಗೆ ಹೋಗಿ ಗಾಡಿ ನೋಡಿ, "ಅಂಕಲ್, ಕ್ಲಚ್ ಇಬ್ಬರ ತೂಕಕ್ಕೆ ಸೆಟ್ ಆಗಿದೆ. ಒಬ್ಬರಿಗೆ ಟ್ಯೂನ್ ಮಾಡಿದ್ರೆ ಒಳ್ಳೆ ಪಿಕಪ್ ಬರುತ್ತೆ" ಎಂದೆ. ಅಂಕಲ್ ಬಟ್ಟೆ ತಗೊಂಡು ಹಿಂದಿನ ಸೀಟಿನ ಧೂಳು ಒರೆಸಿದರು.

ಆಮೇಲೆ, "ಮಾಡಪ್ಪ. ಸೈಲೆನ್ಸರೂ ತೆಗೆದುಬಿಡು. 'ರೀ, ನಿಧಾನ' ಅಂತ ಅವಳು ಹಿಂದಿನಿಂದ ಕೂಗೋದು ಕೇಳಿಸ್ಲಿ ಅಂತ ದೊಡ್ಡದು ಹಾಕ್ಸಿದ್ದೆ" ಎಂದರು.

ಕ್ಲಚ್ಚಿನ ಸ್ಪ್ರಿಂಗ್ ಬದಲಿಸಿದೆ, ಹಗುರವಾದ ಎಕ್ಸಾಸ್ಟ್ ಪೈಪ್ ಹಾಕಿದೆ. ಮೊದಲ ಹಿಮಕ್ಕೆ ಇಬ್ಬರೂ ಗುಡ್ಡಕ್ಕೆ ಹೋದೆವು. ಅಂಕಲ್ ಹತ್ತಿ ಕೂತರು, ಗಾಡಿ ಗುಡುಗುತ್ತಾ ಹಾರಿತು. ಬಯಲಿನ ನಡುವೆ ಇದ್ದಕ್ಕಿದ್ದಂತೆ ನಿಧಾನಿಸಿ, ಹಿಂದಕ್ಕೆ ತಿರುಗಿ ನೋಡಿದರು. ಹಿಂದಿನ ಸೀಟಿನಲ್ಲಿ ಒಂದಿಷ್ಟು ಹಿಮ ಕೂತಿತ್ತು.

ವಾಪಸು ಬಂದು ಹೆಲ್ಮೆಟ್ ತೆಗೆದರು. "ಭಾಳ ಚೆನ್ನಾಗಿ ಮಾಡಿದೀಯ. ಹಳೇದೇ ಹಾಕ್ಬಿಡು."

"ಸ್ಪೀಡ್ ಬರಲ್ಲ ಅಂಕಲ್."

"ಬರೋದು ಬೇಡ. ಅವಳು ಬೈತಾಳೆ."

ಎಲ್ಲ ಕಳಚಿ, ಮತ್ತೆ ಇಬ್ಬರ ತೂಕಕ್ಕೆ ಹೊಂದಿಸಿಕೊಟ್ಟೆ. ಈಗ ಅದು ಒಬ್ಬರನ್ನು ಹೊತ್ತು, ತಡವರಿಸುತ್ತಾ, ಸದ್ದಿಲ್ಲದೆ ಹೋಗುತ್ತದೆ. ನಾನು ಕೈಯಾಡಿಸಿದ ಗಾಡಿಗಳಲ್ಲಿ ಮಾಲೀಕರು ಒಂದು ದೂರೂ ಹೇಳದಿರುವುದು ಇದೊಂದರ ಬಗ್ಗೆ ಮಾತ್ರ.