ಬೈದುಕೊಂಡು ಬಿಟ್ಟ ರಂಗೋಲಿ

ಬಾಯಿ ಸುಮ್ಮನಿದ್ದರೆ ಕೈ ಓಡುತ್ತದೆಯೇ ಸ್ವಾಮಿ? ಬೆಂಗಳೂರಿನ ಅಂಚಿನ ನಮ್ಮ ಕೋಗಿಲಿನ ಜಯಮ್ಮನವರಿಗಂತೂ ಓಡುವುದಿಲ್ಲ.

ಹೋದ ಭಾನುವಾರ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಾಗದಲ್ಲಿ ರಂಗೋಲಿ ಸ್ಪರ್ಧೆ. ಪತ್ರಿಕೆಗೆ ಬರೆಯುವವನು ಎಂಬ ಒಂದೇ ಕಾರಣಕ್ಕೆ ನಾನು ಜಡ್ಜ್. (ನನಗೆ ನೆಟ್ಟಗೆ ಒಂದು ಗೆರೆ ಎಳೆಯಲೂ ಬರುವುದಿಲ್ಲ, ಆ ಮಾತು ಬೇರೆ.) ಇನ್ನೊಬ್ಬ ಜಡ್ಜ್, ಅಸೋಸಿಯೇಷನ್ ಸೆಕ್ರೆಟರಿ ಮೂರ್ತಿ.

ಈ ಅಪಾರ್ಟ್‌ಮೆಂಟ್ ಎದ್ದಿರುವುದೇ ಜಯಮ್ಮನವರ ಹೊಲ, ಮನೆ ಇದ್ದ ಜಾಗದಲ್ಲಿ. ಈಗ ಅವರು ಮೊದಲ ಮಹಡಿಯ ಫ್ಲ್ಯಾಟಿನಲ್ಲಿದ್ದಾರೆ. ಉಳಿದವರು ಮೊಬೈಲ್ ನೋಡಿಕೊಂಡು ನೀಟಾಗಿ ಚುಕ್ಕಿ ಇಡುತ್ತಿದ್ದರೆ, ಇವರು ಸೆರಗು ಸಿಕ್ಕಿಸಿ, ಚುಕ್ಕಿಯ ಹಂಗೇ ಇಲ್ಲದೆ ಎಳೆ ಎಳೆಯುತ್ತಾ ಬೈಯಲು ಶುರು ಮಾಡಿದರು. ಮೊದಲು ಬಿಲ್ಡರಿಗೆ ಹೊಲ ಕೊಟ್ಟ ಗಂಡನಿಗೆ. ಆಮೇಲೆ ಸಹಿ ಹಾಕಿದ ಮಗನಿಗೆ. ನಂತರ ನೀರಿನ ಟ್ಯಾಂಕರಿನವನಿಗೆ. ಬೈಗುಳ ಏರಿದಂತೆಲ್ಲ ಎಳೆ ಸಣ್ಣಗಾಗುತ್ತಾ ಹೋಯಿತು. ಒಂದು ಬಳ್ಳಿ ತಪ್ಪಿತು. ಕಾಲಲ್ಲೇ ಒರೆಸಿ, ಬಿಲ್ಡರಿಗೆ ಎರಡು ಬೈದು, ಮತ್ತೆ ಎಳೆದರು. ಮುಗಿದಾಗ ಸಿಮೆಂಟಿನ ಮೇಲೆ ನವಿಲು ಗರಿ ಬಿಚ್ಚಿ ನಿಂತಿತ್ತು. ಎಂಥಾ ನವಿಲು! ನನಗೆ ಕಣ್ಣು ಕೀಳಲಾಗಲಿಲ್ಲ.

ಮೂರ್ತಿ ಒಪ್ಪಲಿಲ್ಲ. ರಂಗೋಲಿಯನ್ನು ಕಾಲಲ್ಲಿ ಒರೆಸುವುದುಂಟೆ, ಬಾಯಲ್ಲಿ ಬರಬೇಕಾದ್ದು ದೇವರ ನಾಮವೋ ಇದೋ, ಸ್ಪರ್ಧೆಯಿಂದಲೇ ಕೈಬಿಡೋಣ ಎಂದರು. "ಪ್ರೊಸೆಸ್ಸೂ ಮುಖ್ಯ ಅಲ್ವಾ ಸಾರ್?"

ನಾನು ಗಂಭೀರವಾಗಿ ತಲೆ ಆಡಿಸುವುದರಲ್ಲಿದ್ದೆ. ಅಷ್ಟರಲ್ಲಿ ಮೂರ್ತಿಯ ಮಾತು ಜಯಮ್ಮನವರ ಕಿವಿಗೆ ಬಿತ್ತು. ಅವರ ದನಿ ತಗ್ಗಿತು.

"ನಮ್ಮನೆ ಒಸ್ಲು ಇಲ್ಲೇ ಇತ್ತು ಸಾಮಿ. ದಿನಾ ಇಂಗೇ ಬೈಕೊಂಡೇ ರಂಗೋಲಿ ಬಿಡ್ತಿದ್ದೆ. ಬಾಯ್ ಮುಚ್ಕೊಂಡ್ರೆ ನಂಗೆ ಕೈಯೇ ಓಡಲ್ಲ."

ನನಗೆ ಸಂಕಟವಾಯಿತು. ಮೂರ್ತಿಯತ್ತ ತಿರುಗುವಷ್ಟರಲ್ಲಿ ಪಕ್ಕದಲ್ಲಿದ್ದ ನನ್ನ ಹೆಂಡತಿ ಬಾಯಿ ಹಾಕಿದಳು.

"ಮೂರ್ತಿಯವ್ರೇ, ಇವ್ರು ಅಂಕಣ ಬರೆಯೋ ಪ್ರೊಸೆಸ್ ಹೇಳ್ಲಾ?"

ಹೇಳಿಯೂ ಬಿಟ್ಟಳು. ಕುಕ್ಕರ್ ಕೂಗಿದರೆ ಕುಕ್ಕರಿಗೆ ಬೈಯುತ್ತೇನಂತೆ. ಟೀ ತಂದರೆ ತಂದಿದ್ದಕ್ಕೆ, ತರದಿದ್ದರೆ ತರದಿದ್ದಕ್ಕೆ. ಬರೆಯುವಾಗ ಉಡುವ, ತೂತು ಬಿದ್ದ ಹಳೇ ಲುಂಗಿ ಒಗೆಯಲು ಹೋಗಿದ್ದರಂತೂ ಒಂದು ಸಾಲೂ ಹುಟ್ಟುವುದಿಲ್ಲವಂತೆ. ಮೂರ್ತಿ ನನ್ನ ಓದುಗರು (ಇದ್ದಾರೆ ಸ್ವಾಮಿ, ಇದ್ದಾರೆ). ನನ್ನನ್ನು ಅಡಿಯಿಂದ ಮುಡಿಯವರೆಗೆ ಹೊಸದಾಗಿ ನೋಡಿದರು.

ಜಯಮ್ಮನವರಿಗೇ ಫಸ್ಟ್ ಪ್ರೈಜ್ ಎಂದುಬಿಟ್ಟೆ. ಕಲೆಯ ಮೇಲಿನ ಗೌರವಕ್ಕೋ, ನನ್ನ ಮಾನ ಉಳಿಸಿಕೊಳ್ಳಲೋ? ನೀವೇ ಊಹಿಸಿ. ಮೂರ್ತಿಯೂ ನಗುತ್ತಾ ಒಪ್ಪಿದರು. ಬಹುಮಾನದ ಸ್ಟೀಲ್ ಡಬ್ಬಿ ಕೈಗೆ ಬಂದಾಗ ಜಯಮ್ಮ, ಇಷ್ಟು ಚಿಕ್ಕದು ತಂದಿದ್ದಕ್ಕೆ ಮೂರ್ತಿಯವರಿಗೂ ಬೈದರು.

ಈ ಬರಹ ಚೆನ್ನಾಗಿಲ್ಲದಿದ್ದರೆ ಧಾರಾಳವಾಗಿ ಬೈಯಿರಿ. ಇದನ್ನು ಬರೆಯುವಾಗ ನಾನು ಯಾರ್‍ಯಾರಿಗೆ ಬೈದೆ ಎಂದು ಮಾತ್ರ ನನ್ನ ಹೆಂಡತಿಯನ್ನು ಕೇಳಬೇಡಿ.